ಹೊರಗಡೆ ಹಾಕಿಸಿದರೆ ಕಾರಿನ ವಾರಂಟಿ ಹೋಗುತ್ತದೆಯೇ?

ಹೊಸ ಕಾರು ಬುಕ್ ಮಾಡಿದವರ ಕೈಗೆ ಡೆಲಿವರಿಗೆ ಮುಂಚೆಯೇ ಶೋರೂಮಿನವರು ಒಂದು ಪಟ್ಟಿ ಕೊಡುತ್ತಾರೆ. ಸೀಟ್ ಕವರ್, ಮ್ಯಾಟ್, ಫಾಗ್ ಲ್ಯಾಂಪ್, ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಅಲಾಯ್ ವೀಲ್. ಬೆಲೆ ನೋಡಿ ಹುಬ್ಬೇರಿಸಿದ ಗ್ರಾಹಕ ‘ಇದನ್ನೆಲ್ಲ ಹೊರಗಡೆ ಹಾಕಿಸ್ಕೊಳ್ತೀನಿ ಬಿಡಿ’ ಎಂದರೆ ಸೇಲ್ಸ್‌ನವರ ಉತ್ತರ ಸಿದ್ಧವಾಗಿರುತ್ತದೆ: ‘ಹೊರಗಡೆ ವೈರಿಂಗ್ ಮುಟ್ಟಿಸಿದ್ರೆ ವಾರಂಟಿ ಹೋಗುತ್ತೆ ಸಾರ್.’ ಅದೇ ಗ್ರಾಹಕ ಬೆಂಗಳೂರಿನ ಜೆ.ಸಿ. ರಸ್ತೆಗೋ ತನ್ನೂರಿನ ಆಕ್ಸೆಸರೀಸ್ ಅಂಗಡಿಗೋ ಹೋದರೆ ಅಲ್ಲಿ ಸಿಗುವುದು ತದ್ವಿರುದ್ಧ ಭರವಸೆ: ‘ಏನೂ ಆಗಲ್ಲ ಸಾರ್, ಒಂದು ವೈರೂ ಕಟ್ ಮಾಡಲ್ಲ, ಕಪ್ಲರ್ ಟು ಕಪ್ಲರ್ ಕೊಡ್ತೀವಿ.’

ಇಬ್ಬರ ಮಾತೂ ಅರ್ಧ ಮಾತ್ರ ನಿಜ. ಸೀಟ್ ಕವರ್ ಹಾಕಿಸಿದ ಕಾರಣಕ್ಕೆ ಗೇರ್‌ಬಾಕ್ಸ್‌ನ ವಾರಂಟಿ ಹೋಗುವುದಿಲ್ಲ. ಕಪ್ಲರ್ ಬಳಸಿದ ಮಾತ್ರಕ್ಕೆ ಕಂಪನಿ ಎಲ್ಲವನ್ನೂ ಒಪ್ಪಿಕೊಳ್ಳುವುದೂ ಇಲ್ಲ. ಕೆಟ್ಟಿದ್ದು ಯಾವ ಭಾಗ, ಬದಲಿಸಿದ್ದು ಯಾವ ಭಾಗ, ಎರಡರ ನಡುವೆ ನಂಟಿದೆಯೇ ಎಂಬ ಮೂರು ಪ್ರಶ್ನೆಗಳ ಮೇಲೆ ಬಹುತೇಕ ವಾರಂಟಿ ತಕರಾರುಗಳು ನಿಂತಿವೆ. ಈ ನಂಟು ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿದ್ದರೆ ಏನು ಹಾಕಿಸಬಹುದು, ಏನು ಬೇಡ, ಹಾಕಿಸಿದರೆ ಯಾವ ಕಾಗದ ಇಟ್ಟುಕೊಳ್ಳಬೇಕು ಎಂಬುದನ್ನು ಮಾಲೀಕರೇ ನಿರ್ಧರಿಸಬಹುದು.

ವಾರಂಟಿ ಯಾವುದಕ್ಕೆ ಹೊಣೆ?

ತಯಾರಿಕೆಯಲ್ಲಿ ಅಥವಾ ಬಳಸಿದ ವಸ್ತುವಿನಲ್ಲಿ ದೋಷವಿದ್ದರೆ ಆ ಭಾಗವನ್ನು ಉಚಿತವಾಗಿ ಸರಿಪಡಿಸಿ ಕೊಡುತ್ತೇವೆ ಎಂದು ಕಂಪನಿ ಕೊಡುವ ಮಾತೇ ವಾರಂಟಿ. ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ಸಾಮಾನ್ಯ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಟೊಯೊಟಾದಂಥ ಕಂಪನಿಗಳು ಅದಕ್ಕೂ ಮೊದಲೇ ಇಷ್ಟು ಕೊಡುತ್ತಿದ್ದವು. ಅವಧಿ ಉದ್ದವಾದಷ್ಟೂ ಆ ಅವಧಿಯೊಳಗೆ ಮಾಲೀಕರು ಕಾರಿನಲ್ಲಿ ಏನಾದರೊಂದು ಬದಲಿಸುವ ಸಾಧ್ಯತೆ ಹೆಚ್ಚು. ತಕರಾರೂ ಅಷ್ಟೇ ಹೆಚ್ಚು.

ವಾರಂಟಿ ಪುಸ್ತಕದಲ್ಲಿ ‘ಇವು ಸೇರಿಲ್ಲ’ ಎಂಬ ಒಂದು ಪುಟ ಇದ್ದೇ ಇರುತ್ತದೆ. ಸವೆಯುವ ವಸ್ತುಗಳಾದ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್, ಫಿಲ್ಟರ್ ಸಾಮಾನ್ಯವಾಗಿ ಈ ಪುಟದಲ್ಲೇ ಸಿಗುತ್ತವೆ. ಟೈರ್ ಮತ್ತು ಬ್ಯಾಟರಿಗೆ ಅವುಗಳ ತಯಾರಕರದೇ ಪ್ರತ್ಯೇಕ ವಾರಂಟಿ ಇರುತ್ತದೆ. ಅಪಘಾತ, ನೆರೆ, ರೇಸಿಂಗ್, ಸಕಾಲಕ್ಕೆ ಸರ್ವಿಸ್ ಮಾಡಿಸದಿರುವುದು, ಕಂಪನಿ ಒಪ್ಪದ ಬದಲಾವಣೆ, ಇವುಗಳಿಂದಾದ ಹಾನಿಯೂ ಇದೇ ಪಟ್ಟಿಯಲ್ಲಿರುತ್ತದೆ.

ಈ ಪುಟವನ್ನು ಓದುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ‘ಬದಲಾವಣೆಯಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ’ ಎಂದು ಬರೆದಿದ್ದರೆ ಹಾನಿಗೆ ಬದಲಾವಣೆಯೇ ಕಾರಣ ಎಂದು ತೋರಿಸುವ ಹೊಣೆಯ ದೊಡ್ಡ ಪಾಲು ಕಂಪನಿಯದು. ‘ಬದಲಾವಣೆ ಮಾಡಿದ ವಾಹನಕ್ಕೆ ವಾರಂಟಿ ಅನ್ವಯಿಸುವುದಿಲ್ಲ’ ಎಂದಿದ್ದರೆ ಮಾಲೀಕರ ಹಾದಿ ಕಠಿಣ. ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಮಾಡೆಲ್‌ನಿಂದ ಮಾಡೆಲ್‌ಗೆ ಈ ಸಾಲು ಬದಲಾಗುತ್ತದೆ. ದುಡ್ಡು ಕೊಟ್ಟು ಕೊಂಡ ಎಕ್ಸ್‌ಟೆಂಡೆಡ್ ವಾರಂಟಿಯ ಷರತ್ತುಗಳು ಬೇರೆಯೇ ಇರಬಹುದು. ಅದನ್ನೂ ಪ್ರತ್ಯೇಕವಾಗಿ ಓದಬೇಕು.

ಕಾನೂನು ಏನೆನ್ನುತ್ತದೆ?

ಅಮೆರಿಕದಲ್ಲಿ ನೆಲೆಸಿರುವ ನೆಂಟರು ‘ಹಾಗೆಲ್ಲ ವಾರಂಟಿ ಕ್ಯಾನ್ಸಲ್ ಮಾಡೋ ಹಾಗೇ ಇಲ್ಲ’ ಎಂದು ಧೈರ್ಯ ಹೇಳುವುದುಂಟು. ಅವರು ಹೇಳುವುದು ಅಲ್ಲಿನ ಮಟ್ಟಿಗೆ ಸರಿ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ, ನಮ್ಮದೇ ಬ್ರ್ಯಾಂಡಿನ ಭಾಗ ಬಳಸಿದರೆ ಮಾತ್ರ ವಾರಂಟಿ ಎಂದು ಅಲ್ಲಿನ ಕಂಪನಿಗಳು ಸಾಮಾನ್ಯವಾಗಿ ಷರತ್ತು ಹಾಕುವಂತಿಲ್ಲ. ಭಾರತದಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ.

ಇಲ್ಲಿ ಹತ್ತಿರದ ಆಧಾರ ಭಾರತೀಯ ಸ್ಪರ್ಧಾ ಆಯೋಗದ 2014ರ ಆಗಸ್ಟ್ 25ರ ಆದೇಶ. ಬಿಡಿಭಾಗಗಳನ್ನೂ ರಿಪೇರಿ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳ ಮೇಲೆ ಆಯೋಗ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹೇರಿತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಅದು ಸೂಚಿಸಿತು. ಆದೇಶದ ವಿರುದ್ಧ ಕಂಪನಿಗಳು ಮೇಲ್ಮನವಿ ಹೋದವು. ದಂಡದ ಲೆಕ್ಕಾಚಾರವೂ ಅಲ್ಲಿ ಪ್ರಶ್ನೆಗೆ ಒಳಗಾಯಿತು. ಆದೇಶ ಮಾತಾಡಿದ್ದು ಹೊರಗಿನ ರಿಪೇರಿಯ ಬಗ್ಗೆ. ಅದನ್ನೇ ಹಿಡಿದುಕೊಂಡು ‘ನಾನು ಎಂಜಿನ್ ರೀಮ್ಯಾಪ್ ಮಾಡಿಸಿದರೂ ವಾರಂಟಿ ಕೊಡಿ’ ಎಂದು ವಾದಿಸಲು ಬರುವುದಿಲ್ಲ. ಆದರೆ ಹಾನಿ ಎಷ್ಟೋ ನಿರಾಕರಣೆ ಅಷ್ಟೇ ಇರಬೇಕು ಎಂಬ ತರ್ಕ ಸರ್ವಿಸ್ ಸೆಂಟರಿನ ಮೇಜಿನ ಮುಂದೆ ಉಪಯೋಗಕ್ಕೆ ಬರುತ್ತದೆ.

ಯಾವ ಬದಲಾವಣೆಗೆ ಎಷ್ಟು ಅಪಾಯ?

*ಕಡಿಮೆ ಅಪಾಯದವು.* ಮ್ಯಾಟ್, ಮಡ್ ಫ್ಲ್ಯಾಪ್, ಡೋರ್ ವೈಸರ್, ಮೊಬೈಲ್ ಹೋಲ್ಡರ್, 12 ವೋಲ್ಟ್ ಸಾಕೆಟ್‌ಗೆ ಚುಚ್ಚುವ ಡ್ಯಾಶ್‌ಕ್ಯಾಮ್. ಇವು ಕಾರಿನ ಯಾವ ವ್ಯವಸ್ಥೆಗೂ ಕೈ ಹಾಕುವುದಿಲ್ಲ. ಸೀಟ್ ಕವರ್ ಕೂಡ ಇದೇ ಸಾಲಿನದಾದರೂ ಒಂದು ಎಚ್ಚರಿಕೆ ಬೇಕು. ಆರು ಏರ್‌ಬ್ಯಾಗ್‌ನ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಸಾಮಾನ್ಯವಾಗಿ ಸೀಟಿನ ಒರಗಿನ ಬದಿಯಲ್ಲೇ ಇರುತ್ತದೆ. ದಪ್ಪ ಲೆದರ್ ಕವರನ್ನು ಸುತ್ತಲೂ ಬಿಗಿಯಾಗಿ ಹೊಲಿದರೆ ಅದು ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ. ಆ ಜಾಗದಲ್ಲಿ ಸುಲಭವಾಗಿ ಕಿತ್ತುಹೋಗುವ ಹೊಲಿಗೆ ಇರುವ ಕವರನ್ನೇ ಕೇಳಬೇಕು. ಇದು ವಾರಂಟಿಗಿಂತ ಜೀವದ ಪ್ರಶ್ನೆ.

*ಮಧ್ಯಮ ಅಪಾಯದವು.* ವಿದ್ಯುತ್ ಸಂಪರ್ಕ ಬೇಕಾಗುವ ಎಲ್ಲವೂ ಇಲ್ಲಿಗೆ ಬರುತ್ತವೆ: ಮ್ಯೂಸಿಕ್ ಸಿಸ್ಟಂ, ಆಂಪ್ಲಿಫೈಯರ್, ಹೆಚ್ಚು ವ್ಯಾಟಿನ ಬಲ್ಬ್, ಜೋಡಿ ಹಾರ್ನ್, ಫಾಗ್ ಲ್ಯಾಂಪ್, ಒಳಗಿನ ಆಂಬಿಯೆಂಟ್ ಲೈಟ್. ಅತಿ ಹೆಚ್ಚು ವಾರಂಟಿ ಜಗಳ ಹುಟ್ಟುವುದೂ ಇಲ್ಲೇ. ಇದಕ್ಕೆ ಕಾರಣ ತಿಳಿಯಲು ಹೆಡ್‌ಲೈಟ್ ಬಲ್ಬಿನ ಲೆಕ್ಕವೊಂದನ್ನು ನೋಡಿದರೆ ಸಾಕು.

ಬಹಳಷ್ಟು ಕಾರುಗಳಲ್ಲಿ ಇರುವ ಎಚ್4 ಹ್ಯಾಲೊಜೆನ್ ಬಲ್ಬ್ 60/55 ವ್ಯಾಟಿನದು. ಹೈ ಬೀಮ್‌ನಲ್ಲಿ 60 ವ್ಯಾಟ್ ಎಂದರೆ 12 ವೋಲ್ಟಿಗೆ 5 ಆಂಪಿಯರ್. ಅಂಗಡಿಯಲ್ಲಿ ಅದೇ ಹೋಲ್ಡರಿಗೆ ಕೂರುವ 100/90 ವ್ಯಾಟಿನ ಬಲ್ಬ್ ಸಿಗುತ್ತದೆ. ಅದು ಎಳೆಯುವುದು ಸುಮಾರು 8.3 ಆಂಪಿಯರ್. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಬೆಳಕಿಗೆ ಕೊಟ್ಟ ವ್ಯಾಟ್ ಒಂದೂಮುಕ್ಕಾಲು ಪಟ್ಟಿನಷ್ಟೂ ಆಗಿರುವುದಿಲ್ಲ, ಅದೇ ತೆಳು ವೈರಿನೊಳಗೆ ಶಾಖ ಮಾತ್ರ ಸುಮಾರು 2.8 ಪಟ್ಟು ಆಗಿರುತ್ತದೆ. ಕೆಲವು ತಿಂಗಳಲ್ಲಿ ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಸ್ವಿಚ್ಚಿನ ಕಾಂಟ್ಯಾಕ್ಟ್ ಸುಡುತ್ತದೆ. ಆಗ ಸ್ವಿಚ್ಚಿಗೋ ವೈರಿಂಗಿಗೋ ವಾರಂಟಿ ಕೇಳಿದರೆ ಕಂಪನಿ ನಿರಾಕರಿಸುವುದು ನ್ಯಾಯವೇ. ಬ್ಯಾಟರಿಯಿಂದ ನೇರ ಫ್ಯೂಸ್ ಮೂಲಕ ಕರೆಂಟ್ ತರುವ ರಿಲೇ ಹಾರ್ನೆಸ್ ಹಾಕಿಸಿದರೆ ಮೂಲ ವೈರಿನ ಮೇಲಿನ ಹೊರೆ ತಪ್ಪುತ್ತದೆ. ಏಕೆಂದರೆ ಮೂಲ ವೈರ್ ಆಗ ರಿಲೇಯನ್ನು ಒತ್ತುವ ಅಲ್ಪ ಕರೆಂಟನ್ನಷ್ಟೇ ಹೊರುತ್ತದೆ. ಆದರೆ ಬಲ್ಬಿನ ಶಾಖ ರಿಫ್ಲೆಕ್ಟರಿಗೆ ತಟ್ಟುವುದು ತಪ್ಪುವುದಿಲ್ಲ. ಎದುರಿನಿಂದ ಬರುವವರ ಕಣ್ಣು ಕೋರೈಸುವುದೂ ತಪ್ಪುವುದಿಲ್ಲ.

ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ದೀಪ, ವೈಪರ್, ಸೆಂಟ್ರಲ್ ಲಾಕ್ ಎಲ್ಲವನ್ನೂ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅದರಿಂದ ಹೊರಟ ವೈರಿನ ಸಿಪ್ಪೆ ತೆಗೆದು ಇನ್ನೊಂದು ವೈರ್ ಸುತ್ತಿ ಟೇಪ್ ಹಚ್ಚಿದರೆ ದೋಷ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಸರ್ವಿಸ್ ಅಡ್ವೈಸರ್ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಂಪನಿಯ ಬಟ್ಟೆ ಟೇಪಿನ ಮಧ್ಯೆ ಹೊಳೆಯುವ ಕಪ್ಪು ಪಿವಿಸಿ ಟೇಪಿನ ಒಂದು ಗಂಟು, ಅದರಿಂದ ಇಳಿಬಿದ್ದ ಕೆಂಪು ವೈರು ಕಂಡರೆ ಸಾಕು. ಫೋಟೊ ತೆಗೆದು ಜಾಬ್ ಕಾರ್ಡಿನಲ್ಲಿ ‘ಹೊರಗಿನ ವೈರಿಂಗ್ ಇದೆ’ ಎಂದು ಬರೆದುಕೊಳ್ಳುತ್ತಾರೆ. ಆ ಒಂದು ಸಾಲು ಮುಂದೆ ವಿದ್ಯುತ್ ಸಂಬಂಧದ ಪ್ರತಿ ದೂರಿನಲ್ಲೂ ಎದುರು ಬಂದು ನಿಲ್ಲುತ್ತದೆ.

ಅಲಾಯ್ ವೀಲ್ ಮತ್ತು ಟೈರ್ ಕೂಡ ಮಧ್ಯಮ ಅಪಾಯದವೇ. ಇಲ್ಲಿ ನೋಡಬೇಕಾದ್ದು ಚಕ್ರದ ಒಟ್ಟು ವ್ಯಾಸ. 185/65 ಆರ್15 ಟೈರಿನ ವ್ಯಾಸ ಸುಮಾರು 621.5 ಮಿ.ಮೀ. ಅದರ ಬದಲು 16 ಇಂಚಿನ ಅಲಾಯ್ ಮೇಲೆ 195/55 ಆರ್16 ಹಾಕಿದರೆ ಸುಮಾರು 620.9 ಮಿ.ಮೀ. ವ್ಯತ್ಯಾಸ ಒಂದು ಮಿ.ಮೀ. ಕೂಡ ಇಲ್ಲ. ಅದೇ 15 ಇಂಚಿನ ರಿಮ್ಮಿಗೆ 205/65 ಆರ್15 ಹಾಕಿದರೆ ವ್ಯಾಸ 647.5 ಮಿ.ಮೀ. ಆಗುತ್ತದೆ, ಅಂದರೆ ಶೇ 4.2ರಷ್ಟು ಹೆಚ್ಚು. ಮೀಟರಿನಲ್ಲಿ ಕಾಣುವ ವೇಗಕ್ಕೂ ನಿಜ ವೇಗಕ್ಕೂ ಇದ್ದ ಅಂತರ ಅಷ್ಟರ ಮಟ್ಟಿಗೆ ಬದಲಾಗುತ್ತದೆ, ತಿರುವಿನಲ್ಲಿ ಟೈರ್ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಉಜ್ಜಬಹುದು. ರಿಮ್ ಹೊರಗೆ ಚಾಚಿಕೊಂಡಿದ್ದರೆ ಅಥವಾ ಸ್ಪೇಸರ್ ಹಾಕಿಸಿದ್ದರೆ ವೀಲ್ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ. ಹಾಗಾದಾಗ ಬೇರಿಂಗ್, ಸಸ್ಪೆನ್ಷನ್, ಸ್ಟಿಯರಿಂಗ್ ಭಾಗಗಳ ವಾರಂಟಿಗೆ ತಕರಾರು ಬರುತ್ತದೆ. ಆದರೆ ಎಸಿ ಕಂಪ್ರೆಸರ್ ಕೆಟ್ಟರೆ ಅಲಾಯ್ ವೀಲ್ ತೋರಿಸಿ ನಿರಾಕರಿಸಲು ಯಾವ ತರ್ಕವೂ ಇಲ್ಲ.

*ಹೆಚ್ಚು ಅಪಾಯದವು.* ಎಂಜಿನ್, ಇಂಧನ, ಹೊಗೆ ವ್ಯವಸ್ಥೆಗೆ ಕೈ ಹಾಕುವ ಎಲ್ಲವೂ. ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ರೀಮ್ಯಾಪ್ ಇವುಗಳಲ್ಲಿ ಮೊದಲನೆಯದು. ಟರ್ಬೊ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿದಾಗ ಟರ್ಬೊ, ಕ್ಲಚ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್ ಎಲ್ಲದರ ಮೇಲೂ ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಬಲ ಬೀಳುತ್ತದೆ. ‘ಸರ್ವಿಸಿಗೆ ಬಿಡೋ ಮುಂಚೆ ಸ್ಟಾಕ್ ಫೈಲ್ ಹಾಕ್ಕೊಡ್ತೀವಿ, ಗೊತ್ತೇ ಆಗಲ್ಲ’ ಎಂಬ ಭರವಸೆಯನ್ನು ನಂಬಬೇಡಿ. ಹಲವು ಕಂಪನಿಗಳ ಇಸಿಯು ಎಷ್ಟು ಸಲ ತನ್ನನ್ನು ಬರೆಯಲಾಗಿದೆ ಎಂಬ ಎಣಿಕೆಯನ್ನು ಇಟ್ಟುಕೊಂಡಿರುತ್ತದೆ, ಸರ್ವಿಸ್ ಸೆಂಟರಿನ ಉಪಕರಣ ಅದನ್ನು ಓದುತ್ತದೆ.

ಎಣ್ಣೆ ಸವರಿದ ಹೈ-ಫ್ಲೋ ಏರ್ ಫಿಲ್ಟರ್ ಚಿಕ್ಕ ಬದಲಾವಣೆಯಂತೆ ಕಾಣುತ್ತದೆ. ಎಣ್ಣೆ ಹೆಚ್ಚಾದರೆ ಅದು ಗಾಳಿ ಅಳೆಯುವ ಸೆನ್ಸರಿಗೆ ಅಂಟಿ ತಪ್ಪು ಲೆಕ್ಕ ಕೊಡಿಸುತ್ತದೆ. ಡೀಸೆಲ್ ಕಾರಿನ ಹೊಗೆಯ ಮಾಲಿನ್ಯ ತಗ್ಗಿಸುವ ಡಿಪಿಎಫ್, ಇಜಿಆರ್ ತೆಗೆಸುವುದು ವಾರಂಟಿಯ ಜೊತೆಗೆ ಮಾಲಿನ್ಯ ನಿಯಮವನ್ನೂ ಮುರಿಯುತ್ತದೆ. ಸಸ್ಪೆನ್ಷನ್ ಎತ್ತರಿಸುವ ಲಿಫ್ಟ್ ಕಿಟ್, ಹೊರಗಿನ ಸಿಎನ್‌ಜಿ ಕಿಟ್ ಕೂಡ ಈ ಗುಂಪಿನವೇ. ಕಾರ್ಖಾನೆಯಲ್ಲೇ ಸಿಎನ್‌ಜಿ ಕೂರಿಸಿ ಬಂದ ಕಾರಿಗೆ ಕಂಪನಿಯ ವಾರಂಟಿ ಪೂರ್ತಿ ಇರುತ್ತದೆ. ಪೆಟ್ರೋಲ್ ಕಾರು ಕೊಂಡು ಹೊರಗೆ ಕಿಟ್ ಹಾಕಿಸಿದರೆ ಎಂಜಿನ್ ಮತ್ತು ಇಂಧನ ವ್ಯವಸ್ಥೆಯ ವಾರಂಟಿಯನ್ನು ಬಹುಮಟ್ಟಿಗೆ ಮರೆಯಬೇಕಾಗುತ್ತದೆ. ಸಿಎನ್‌ಜಿ ಬೇಕೆಂದು ಮೊದಲೇ ಗೊತ್ತಿದ್ದವರು ಕಾರ್ಖಾನೆಯ ಕಿಟ್ ಇರುವ ಮಾಡೆಲನ್ನೇ ಆರಿಸುವುದು ಲೇಸು.

*ಎಲೆಕ್ಟ್ರಿಕ್ ಕಾರು.* ನೆಕ್ಸಾನ್ ಇವಿಯಂಥ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ವಾರಂಟಿ ಸಿಕ್ಕಿದೆ. ಇಡೀ ಕಾರಿನಲ್ಲಿ ಅತಿ ದುಬಾರಿ ಭಾಗವೂ ಅದೇ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಕ್ಕೇ ಎರವಾಗುವಷ್ಟು ವೋಲ್ಟೇಜ್ ಇರುತ್ತದೆ. ಅವುಗಳ ಹತ್ತಿರ ಆಕ್ಸೆಸರೀಸ್ ಅಂಗಡಿಯವರನ್ನು ಬಿಡಲೇಬಾರದು. 12 ವೋಲ್ಟಿನ ಬದಿಯಲ್ಲೂ ಸಾಕೆಟ್ಟಿಗೆ ಚುಚ್ಚುವ ಉಪಕರಣಗಳಿಗಷ್ಟೇ ನಿಲ್ಲುವುದು ಕ್ಷೇಮ.

ವಾರಂಟಿ, ವಿಮೆ, ಆರ್‌ಟಿಒ: ಮೂರರ ಲೆಕ್ಕ ಬೇರೆ ಬೇರೆ

ಸರ್ವಿಸ್ ಸೆಂಟರಿನವರು ತಕರಾರು ಮಾಡಲಿಲ್ಲ ಎಂದ ಮಾತ್ರಕ್ಕೆ ಎಲ್ಲವೂ ಸರಿ ಇದೆ ಎಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು. ರಚನೆ ಬದಲಾಗಿ ವಾಹನದ ಮೂಲ ಲಕ್ಷಣವೇ ಬೇರೆಯಾದರೆ ಅದನ್ನು ಕಾಯ್ದೆ ‘ಮಾರ್ಪಾಡು’ ಎನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು.

ಕಾರಿನ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಹಾಗಾಗಿ ಬಣ್ಣ ಬದಲಿಸುವ ಮುನ್ನ ಆರ್‌ಟಿಒ ಒಪ್ಪಿಗೆ ಬೇಕು. ಸಿಎನ್‌ಜಿ ಕಿಟ್ ಹಾಕಿಸಿದರೆ ಆ ಮಾಡೆಲ್ಲಿಗೆ ಅನುಮೋದನೆ ಪಡೆದ ಕಿಟ್ಟನ್ನೇ ಅಧಿಕೃತ ಕೇಂದ್ರದಲ್ಲಿ ಹಾಕಿಸಿ, ಆರ್‌ಸಿಯಲ್ಲಿ ಇಂಧನದ ನಮೂದು ಬದಲಿಸಿ, ವಿಮಾ ಪಾಲಿಸಿಯಲ್ಲೂ ಸೇರಿಸಬೇಕು. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ಮುಂಭಾಗದ ಕಬ್ಬಿಣದ ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಅಂಥ ಗಾರ್ಡ್ ಗುದ್ದಿನ ಬಲವನ್ನು ನೇರ ಚಾಸಿಗೆ ದಾಟಿಸಿ ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ಕೆಡಿಸಬಲ್ಲದು. ಹಲವು ಸ್ವರ ಹೊರಡಿಸುವ ಹಾರ್ನಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವಿಲ್ಲ. ಗಾಜಿನ ವಿಷಯದಲ್ಲಿ ಮುಂದೆ ಮತ್ತು ಹಿಂದೆ ಶೇ 70, ಪಕ್ಕದಲ್ಲಿ ಶೇ 50 ಬೆಳಕು ಹಾಯಲೇಬೇಕು.

ವಿಮೆಯದು ಮೂರನೆಯ ಲೆಕ್ಕ. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಅಲಾಯ್ ವೀಲ್, ಸಿಎನ್‌ಜಿ ಕಿಟ್ ಪಾಲಿಸಿಯಲ್ಲಿ ನಮೂದಾಗಿಲ್ಲದಿದ್ದರೆ ಕಳವಾದಾಗ ಅವುಗಳ ಬೆಲೆ ಸಿಗುವುದಿಲ್ಲ. ಬೆಂಕಿ ಅನಾಹುತವಾದರೆ ಸರ್ವೆಯರ್ ಮೊದಲು ಹುಡುಕುವುದು ಹೊರಗಿನ ವೈರಿಂಗನ್ನೇ.

ಹಾಕಿಸುವ ಮುನ್ನ ಎಂಟು ಹೆಜ್ಜೆ

1. ವಾರಂಟಿ ಪುಸ್ತಕದ ‘ಸೇರಿಲ್ಲದ’ ಪುಟದ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಶೋರೂಮಿನವರ ಬಾಯಿಮಾತಿಗಿಂತ ಆ ಪುಟಕ್ಕೆ ಬೆಲೆ ಹೆಚ್ಚು.

2. ಹಾಕಿಸಬೇಕೆಂದಿರುವ ವಸ್ತುವಿನ ಹೆಸರು ಬರೆದು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಮಾಡಿ. ‘ಇದನ್ನು ಹಾಕಿಸಿದರೆ ಯಾವ ಭಾಗದ ವಾರಂಟಿಗೆ ತೊಂದರೆ?’ ಎಂದು ನೇರವಾಗಿ ಕೇಳಿ. ಉತ್ತರ ಬಂದರೆ ಅದೇ ದಾಖಲೆ. ಬಾರದಿದ್ದರೂ ಕೇಳಿದ್ದಕ್ಕೆ ದಾಖಲೆ ಇರುತ್ತದೆ.

3. ಮೇಲಿನ ಮಾಡೆಲ್ಲಿನಲ್ಲಿ ಅದೇ ವಸ್ತು ಕಂಪನಿಯಿಂದಲೇ ಬರುತ್ತದೆಯೇ ನೋಡಿ. ಬಹಳಷ್ಟು ಕಾರುಗಳಲ್ಲಿ ಕೆಳಗಿನ ಮಾಡೆಲ್ಲಿಗೂ ಫಾಗ್ ಲ್ಯಾಂಪಿನ ಕಪ್ಲರ್ ಮೊದಲೇ ಬಂದಿರುತ್ತದೆ. ಅಸಲಿ ಭಾಗವನ್ನು ಅದಕ್ಕೆ ಜೋಡಿಸಿದರೆ ವೈರ್ ಕತ್ತರಿಸುವ ಮಾತೇ ಇಲ್ಲ.

4. ಟೈರ್ ಬದಲಿಸುವುದಿದ್ದರೆ ಚಾಲಕನ ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರ್ ಓದಿ. ಕಂಪನಿ ಒಪ್ಪಿದ ಅಳತೆಗಳು ಅಲ್ಲಿರುತ್ತವೆ. ಹೊಸ ಟೈರಿನ ಲೋಡ್ ಇಂಡೆಕ್ಸ್, ವೇಗದ ಅಕ್ಷರ ಮೂಲದ್ದಕ್ಕಿಂತ ಕಡಿಮೆ ಇರಬಾರದು.

5. ವಿದ್ಯುತ್ ಉಪಕರಣಕ್ಕೆ ಕಪ್ಲರ್ ಇರುವ ಹಾರ್ನೆಸ್, ಪ್ರತ್ಯೇಕ ಫ್ಯೂಸ್, ಅಗತ್ಯವಿದ್ದಲ್ಲಿ ರಿಲೇ ಬೇಕೆಂದು ಹಟ ಹಿಡಿಯಿರಿ. ಕೆಲಸ ನಡೆಯುವಾಗ ಕಾಫಿ ಕುಡಿಯಲು ಹೋಗದೆ ಪಕ್ಕದಲ್ಲೇ ನಿಲ್ಲಿ. ಬ್ಲೇಡಿನಿಂದ ವೈರಿನ ಸಿಪ್ಪೆ ಕೆರೆಯಲು ತೊಡಗಿದರೆ ಅಲ್ಲೇ ನಿಲ್ಲಿಸಿ.

6. ಕೆಲಸಕ್ಕೆ ಮೊದಲು ಮತ್ತು ನಂತರ ಆ ಜಾಗದ ಫೋಟೊ ತೆಗೆಯಿರಿ.

7. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಅದರಲ್ಲಿ ವಸ್ತುವಿನ ಬ್ರ್ಯಾಂಡ್, ಮಾಡೆಲ್, ಕೂರಿಸಿದ ದಿನಾಂಕ, ಕಾರಿನ ನಂಬರ್, ಓಡಿದ ಕಿಲೋಮೀಟರ್ ಇರಲಿ. ಹೊರಗಿನ ವಸ್ತುವಿಗೆ ಅದರ ತಯಾರಕರ ವಾರಂಟಿ ಕಾರ್ಡ್ ಇದ್ದರೆ ಅಂಗಡಿಯ ಮುದ್ರೆ ಹಾಕಿಸಿ.

8. ತೆಗೆದ ಅಸಲಿ ಭಾಗಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಹಳೆಯ ಸ್ಟೀರಿಯೋ, ರಿಮ್, ಬಲ್ಬ್ ಎಲ್ಲವೂ ವಾರಂಟಿ ಮುಗಿಯುವವರೆಗೆ ಮನೆಯಲ್ಲಿರಲಿ. ದೋಷ ಬಂದಾಗ ಹಳೆಯದನ್ನು ಮತ್ತೆ ಕೂರಿಸಿ ನೋಡಿ, ದೋಷ ಹಾಗೇ ಉಳಿದಿದೆ ಎಂದು ತೋರಿಸಿಬಿಟ್ಟರೆ ಹೊರಗಿನ ವಸ್ತುವಿನ ಮೇಲೆ ಹೊರಿಸುವ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಶೋರೂಮಿನಲ್ಲಿ ಹಾಕಿಸಿದ್ದೆಲ್ಲ ಅಸಲಿ ಎಂದು ನಂಬುವುದು.* ಡೀಲರ್‌ಗಳು ಕಂಪನಿಯ ಪಟ್ಟಿಯಲ್ಲಿಲ್ಲದ ಹೊರಗಿನ ವಸ್ತುಗಳನ್ನೂ ಮಾರುತ್ತಾರೆ. ಬಿಲ್ಲಿನಲ್ಲಿ ಕಂಪನಿಯ ಪಾರ್ಟ್ ನಂಬರ್ ಇದೆಯೇ ಎಂಬುದೇ ಪರೀಕ್ಷೆ. ನಂಬರ್ ಇಲ್ಲದಿದ್ದರೆ ಅದಕ್ಕೂ ಜೆ.ಸಿ. ರಸ್ತೆಯಲ್ಲಿ ಸಿಗುವುದಕ್ಕೂ ವ್ಯತ್ಯಾಸ ಬೆಲೆಯದು ಮಾತ್ರ ಆಗಿರಬಹುದು. ಆದರೂ ಕೂರಿಸಿದ್ದು ಅಧಿಕೃತ ಡೀಲರ್ ಎಂಬ ಸಾಕ್ಷಿ ಬಿಲ್ಲಿನಿಂದ ಸಿಗುತ್ತದೆ, ಅದನ್ನು ಕಳೆಯಬೇಡಿ.

*ಸುಳ್ಳು ಹೇಳುವುದು.* ಸರ್ವಿಸ್ ಅಡ್ವೈಸರ್ ಕೇಳಿದಾಗ ‘ಏನೂ ಹಾಕಿಸಿಲ್ಲ’ ಎಂದು ಹೇಳಿ ಆಮೇಲೆ ವೈರ್ ಸಿಕ್ಕರೆ ಮಾಲೀಕರ ಮುಂದಿನ ಯಾವ ಮಾತಿಗೂ ಬೆಲೆ ಉಳಿಯುವುದಿಲ್ಲ. ಗ್ರಾಹಕ ಆಯೋಗದ ಮುಂದೆಯೂ ಇದು ಮುಳುವಾಗುತ್ತದೆ.

*ಜಾಬ್ ಕಾರ್ಡ್ ಓದದೆ ಸಹಿ ಹಾಕುವುದು.* ‘ಹೊರಗಿನ ವೈರಿಂಗ್’ ಎಂಬ ಒಂದೇ ಪದ ಬರೆದಿದ್ದರೆ, ಎಲ್ಲಿ, ಯಾವುದಕ್ಕೆ ಎಂದು ಬಿಡಿಸಿ ಬರೆಯಿಸಿ. ರಿವರ್ಸ್ ಕ್ಯಾಮೆರಾದ ವೈರಿಂಗ್ ಎಂದು ನಮೂದಾಗಿದ್ದರೆ ನಾಳೆ ಅದನ್ನು ಹೆಡ್‌ಲೈಟಿನ ದೋಷಕ್ಕೆ ಗಂಟು ಹಾಕಲಾಗುವುದಿಲ್ಲ.

*ಸರ್ವಿಸ್ ತಪ್ಪಿಸುವುದು.* ಬದಲಾವಣೆ ಕಣ್ಣಿಗೆ ಬೀಳುತ್ತದೆಂದು ಸರ್ವಿಸ್ ಸೆಂಟರಿಗೇ ಹೋಗದವರಿದ್ದಾರೆ. ನಿಗದಿತ ಸರ್ವಿಸ್ ತಪ್ಪಿದರೆ ಕಂಪನಿಗೆ ವಾರಂಟಿ ನಿರಾಕರಿಸಲು ಹೆಚ್ಚು ಗಟ್ಟಿಯಾದ ಕಾರಣವೇ ಸಿಕ್ಕಂತಾಗುತ್ತದೆ.

*ಹಳೆಯ ಕಾರು ಕೊಳ್ಳುವಾಗ ಕೇಳದಿರುವುದು.* ‘ಇನ್ನೂ ಒಂದೂವರೆ ವರ್ಷ ವಾರಂಟಿ ಇದೆ’ ಎಂದು ಮಾರುವವರು ಹೇಳಿದಾಗ, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನೋಂದಣಿ ನಂಬರ್ ಕೊಟ್ಟು ಸರ್ವಿಸ್ ಇತಿಹಾಸವನ್ನೂ ‘ಹೊರಗಿನ ಬದಲಾವಣೆ’ ಎಂಬ ಷರಾ ಏನಾದರೂ ಇದೆಯೇ ಎಂಬುದನ್ನೂ ನೋಡಬೇಕು. ಮಾರಿದವರು ಮಾಡಿಸಿದ ರೀಮ್ಯಾಪ್‌ನ ಫಲವನ್ನು ಕೊಂಡವರು ಉಣ್ಣಬೇಕಾಗುತ್ತದೆ.

ವಾರಂಟಿ ಇಲ್ಲ ಎಂದರೆ ಏನು ಮಾಡಬೇಕು?

1. ಕೌಂಟರಿನಲ್ಲಿ ದನಿ ಎತ್ತುವುದರಿಂದ ಏನೂ ಸಿಗುವುದಿಲ್ಲ. ನಿರಾಕರಣೆಯನ್ನು ಬರೆದುಕೊಡಲು ಕೇಳಿ. ಕೆಟ್ಟ ಭಾಗ ಯಾವುದು, ವಾರಂಟಿಯ ಯಾವ ಷರತ್ತಿನ ಪ್ರಕಾರ ನಿರಾಕರಣೆ, ಬದಲಾವಣೆ ಆ ಭಾಗವನ್ನು ಹೇಗೆ ಕೆಡಿಸಿತು ಎಂಬ ಮೂರೂ ಅದರಲ್ಲಿರಲಿ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದೆ ಎಷ್ಟೋ ನಿರಾಕರಣೆಗಳು ಇಲ್ಲೇ ಸಡಿಲವಾಗುತ್ತವೆ.

2. ಸ್ಕ್ಯಾನರಿನಲ್ಲಿ ಬಂದ ದೋಷ ಸಂಕೇತಗಳ ಪ್ರಿಂಟ್, ಕೆಟ್ಟ ಭಾಗದ ಫೋಟೊ ಪಡೆಯಿರಿ. ತಕರಾರು ಬಗೆಹರಿಯುವವರೆಗೆ ಆ ಭಾಗವನ್ನು ಎಸೆಯದಂತೆ ಇಮೇಲಿನಲ್ಲಿ ತಿಳಿಸಿ.

3. ಡೀಲರ್ ಒಪ್ಪದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಎಲ್ಲ ದಾಖಲೆ ಸೇರಿಸಿ ಬರೆಯಿರಿ. ಡೀಲರ್ ಬೇರೆ, ಕಂಪನಿ ಬೇರೆ. ವಾರಂಟಿಯ ಮಾತು ಕೊಟ್ಟಿರುವುದು ಕಂಪನಿ. ಆ ಪ್ರದೇಶದ ಸರ್ವಿಸ್ ಮ್ಯಾನೇಜರ್ ಖುದ್ದು ಕಾರು ನೋಡಬೇಕೆಂದು ಕೇಳಿ.

4. ಅಷ್ಟಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ಪ್ರಕರಣಗಳು ಮೊಕದ್ದಮೆಗೆ ಮುಂಚೆ ಇಲ್ಲೇ ಮುಗಿಯುತ್ತವೆ.

5. ಕೊನೆಯ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ಶಿವಮೊಗ್ಗದ ನಿವಾಸಿ ಶಿವಮೊಗ್ಗದಲ್ಲೇ ಹೂಡಬಹುದು. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದ ವ್ಯಾಪ್ತಿ. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ವಕೀಲರಿಲ್ಲದೆ ತಾವೇ ವಾದಿಸಲೂ ಅವಕಾಶವಿದೆ.

ಆಯೋಗದಲ್ಲಿ ಗೆಲ್ಲುವುದು ಸಾಕ್ಷ್ಯ. ದೋಷ ತಯಾರಿಕೆಯದ್ದೇ ಎಂಬುದನ್ನು ಸಾಮಾನ್ಯವಾಗಿ ಗ್ರಾಹಕರೇ ತೋರಿಸಿಕೊಡಬೇಕು. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ವಸ್ತುವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳಿಸಲು ಕಾಯ್ದೆಯಲ್ಲೇ ದಾರಿಯಿದೆ, ಅದಕ್ಕಾಗಿ ಅರ್ಜಿ ಹಾಕಬೇಕು. ಸ್ವತಂತ್ರ ಆಟೊಮೊಬೈಲ್ ಎಂಜಿನಿಯರ್ ಒಬ್ಬರ ಲಿಖಿತ ವರದಿಯಿದ್ದರೆ ವಾದಕ್ಕೆ ಬಲ ಬರುತ್ತದೆ. ಮೇಲಿನ ಎಂಟು ಹೆಜ್ಜೆಗಳಲ್ಲಿ ಕೂಡಿಟ್ಟ ಬಿಲ್ಲು, ಫೋಟೊ, ಇಮೇಲುಗಳ ನಿಜವಾದ ಉಪಯೋಗ ಆಗುವುದೂ ಇಲ್ಲೇ.

ದೂರು ಕೊಡಲು ಇರುವ ಗಡುವು, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಇಂದು ನೋಡೋಣ, ನಾಳೆ ನೋಡೋಣ ಎಂದು ಸರ್ವಿಸ್ ಸೆಂಟರಿನವರು ಅಲೆದಾಡಿಸುತ್ತಿದ್ದರೆ ಆ ಗಡುವು ನಿಲ್ಲುವುದಿಲ್ಲ. ಆದ್ದರಿಂದ ಲಿಖಿತ ನಿರಾಕರಣೆ ಕೈಗೆ ಬಂದ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಗಡುವಿನೊಳಗೆ ದೂರು ಸಲ್ಲಿಸಿ.